ಐದು ಆನೆ, ಮೂವತ್ತೆರಡು ಲೆಕ್ಕ

ಕುಶಾಲನಗರದಿಂದ ಸಿದ್ದಾಪುರದ ರಸ್ತೆ ಹಿಡಿದು, ನಂಜರಾಯಪಟ್ಟಣದ ಬಳಿ ಕಾವೇರಿಯ ದಂಡೆಗೆ ಇಳಿದರೆ ದುಬಾರೆ. ಆಚೆ ದಡದಲ್ಲಿ ಅರಣ್ಯ ಇಲಾಖೆಯ ಆನೆ ಶಿಬಿರ. ಮೈಸೂರಿನ ದಸರಾ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿ ಬಂದ ಪ್ರಶಾಂತ, ಗೋಪಿ, ಧನಂಜಯ ಮುಂತಾದವರೆಲ್ಲ ಇಲ್ಲಿಯವರೇ. ಬೆಳಿಗ್ಗೆ ಆನೆಗಳನ್ನು ಹೊಳೆಗೆ ಇಳಿಸಿ ಮೈ ತಿಕ್ಕಿಸುತ್ತಾರಲ್ಲ, ಅದನ್ನು ನೋಡಲೆಂದೇ ಜನ ಬರುತ್ತಾರೆ. ನಾನು ಹೋದದ್ದೂ ಅದಕ್ಕೇ. ಲೆಕ್ಕ ಹೇಳಿಕೊಡಲು ಹೋಗಿರಲಿಲ್ಲ.

ಜತೆಯಲ್ಲಿ ನನ್ನ ಗೆಳೆಯರೊಬ್ಬರ ಮಗಳಿದ್ದಳು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ. ಅಂಕಗಳು ಚೆನ್ನಾಗಿಯೇ ಬಂದಿದ್ದವು. ಆದರೆ ಮುಖ ಮಾತ್ರ ಸಪ್ಪಗಿತ್ತು. ಪಿಯುಸಿ ಅರ್ಜಿಗೆ ಸೋಮವಾರ ಕೊನೆಯ ದಿನ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜತೆ ನಾಲ್ಕನೆಯದಾಗಿ ಕಂಪ್ಯೂಟರ್ ವಿಜ್ಞಾನ ಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದವಳು, ರಜೆಯಲ್ಲಿ ಎಲ್ಲೋ ಒಂದು ವಾರದ ತರಗತಿಗೆ ಹೋಗಿಬಂದ ಮೇಲೆ ಬೇಡವೆನ್ನತೊಡಗಿದ್ದಳು. ಕಾರಣ ಕೇಳಿದರೆ, ‘ಅದು ಇಂಗ್ಲಿಷ್ ಮಕ್ಕಳ ವಿಷಯ ಅಂಕಲ್, ನಮಗೆ ಹತ್ತುವುದಿಲ್ಲ’ ಎಂದಳು. ತಂದೆಗೂ ಅದೇ ಸರಿ ಎನ್ನಿಸಿಬಿಟ್ಟಿತ್ತು. ‘ನನಗಂತೂ ಹೇಳಿಕೊಡಲು ಬರುವುದಿಲ್ಲ, ಅವಳಿಗೆ ಕಷ್ಟವಾದರೆ ಬಿಡಲಿ’ ಎಂದು ಅವರು ನಿಟ್ಟುಸಿರು ಬಿಟ್ಟರು.

ಹತ್ತದೇ ಹೋದದ್ದು ಯಾವುದು ಎಂದು ಕೆದಕಿದಾಗ ಬ್ಯಾಗಿನಿಂದ ನೋಟ್‌ಬುಕ್ ಹೊರಬಂತು. ಮೊದಲ ಪುಟದಲ್ಲೇ ದ್ವಿಮಾನ ಸಂಖ್ಯೆಗಳು, ಬೈನರಿ ಎನ್ನುತ್ತಾರಲ್ಲ ಅವು. ‘ಎರಡರಿಂದ ಭಾಗಿಸು, ಶೇಷ ಬರೆ, ಕೆಳಗಿನಿಂದ ಮೇಲಕ್ಕೆ ಓದು’ ಎಂದು ಬರೆಸಿದ್ದರು. ಹಾಗೆಯೇ ಮಾಡಿ 13ಕ್ಕೆ 1101 ಎಂದು ಉತ್ತರ ಬರೆದಿದ್ದಳು. ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು ಕೂಡ ಇತ್ತು.

‘ಉತ್ತರ ಸರಿಯಾಗಿದೆಯಲ್ಲ?’ ಎಂದೆ.

‘ಸರಿಯಾಗಿದೆ. ಆದರೆ ಸಾವಿರದ ನೂರ ಒಂದು ಹೇಗೆ ಹದಿಮೂರಾಗುತ್ತದೆ?’

ಒಳ್ಳೆಯ ಪ್ರಶ್ನೆ. ತರಗತಿಯಲ್ಲಿ ಕೇಳಲು ನಾಚಿಕೆಯಾಯಿತಂತೆ. ಉತ್ತರ ಸರಿಯಿದ್ದೂ ಅರ್ಥವಾಗದವರ ಸಂಕಟ, ಉತ್ತರ ತಪ್ಪಿದವರ ಸಂಕಟಕ್ಕಿಂತ ದೊಡ್ಡದು. ತಪ್ಪಿದವರನ್ನು ಯಾರಾದರೂ ತಿದ್ದುತ್ತಾರೆ. ಇವರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಅಷ್ಟರಲ್ಲಿ ಹೊಳೆಯಲ್ಲಿ ಐದು ಆನೆಗಳು ಒಂದೇ ಸಾಲಿನಲ್ಲಿ ಇಳಿದಿದ್ದವು. ಕೆಲವು ನಿಂತಿದ್ದವು, ಕೆಲವು ನೀರಿನಲ್ಲಿ ಪಕ್ಕಕ್ಕೆ ಮಲಗಿ ಹಾಯಾಗಿ ಬೆನ್ನು ತಿಕ್ಕಿಸಿಕೊಳ್ಳುತ್ತಿದ್ದವು. ನಾವು ಕುಳಿತ ಕಡೆಯಿಂದ ನೋಡಿದರೆ ಬಲತುದಿಯಲ್ಲಿ ಭಾರೀ ದಂತದ ಸಲಗ, ಎಡತುದಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಹೆಣ್ಣಾನೆ. ಎಡದಿಂದ ಹೇಳುವುದಾದರೆ ಮೊದಲನೆಯದು ಮಲಗಿತ್ತು; ಎರಡು, ಮೂರನೆಯವು ನಿಂತಿದ್ದವು; ನಾಲ್ಕನೆಯದು ಮಲಗಿತ್ತು; ಸಲಗ ನಿಂತಿತ್ತು.

‘ನೋಡು, ಹದಿಮೂರು!’ ಎಂದೆ.

ಅವಳು ಐದನ್ನು ಎಣಿಸಿ ನನ್ನ ಮುಖ ನೋಡಿದಳು.

ನೀವೂ ಹಾಗೆಯೇ ನೋಡುತ್ತಿರಬಹುದು. ಈಗ ಒಂದು ಒಪ್ಪಂದ ಮಾಡಿಕೊಳ್ಳೋಣ. ಬಲತುದಿಯ ಜಾಗದ ಬೆಲೆ 1. ಅದರ ಎಡಕ್ಕಿರುವ ಜಾಗದ ಬೆಲೆ 2. ಮುಂದೆ 4, ಆಮೇಲೆ 8, ಕೊನೆಗೆ 16. ಪ್ರತಿ ಜಾಗಕ್ಕೂ ಹಿಂದಿನದರ ಇಮ್ಮಡಿ. ನಿಂತ ಆನೆಯ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಮಲಗಿದ ಆನೆಯದನ್ನು ಬಿಡಿ. ಮೇಲಿನ ಸಾಲಿನಲ್ಲಿ ನಿಂತಿರುವುದು 8ರ ಜಾಗ, 4ರ ಜಾಗ, 1ರ ಜಾಗ. ಕೂಡಿಸಿದರೆ 13. ನಿಂತದ್ದಕ್ಕೆ 1 ಎಂದೂ ಮಲಗಿದ್ದಕ್ಕೆ 0 ಎಂದೂ ಬರೆದರೆ 01101. ಎಡತುದಿಯ ಸೊನ್ನೆಗೆ ಬೆಲೆಯಿಲ್ಲ. ನೋಟ್‌ಬುಕ್ಕಿನ 1101 ಇದೇ.

‘ಹಾಗಾದರೆ ಆ ದೊಡ್ಡ ಸಲಗದ ಬೆಲೆ ಬರೀ ಒಂದೇ? ಆ ಚಿಕ್ಕದರದ್ದು ಹದಿನಾರಾ?’

ಹೌದು, ಬೆಲೆ ಆನೆಯದಲ್ಲ, ಜಾಗದ್ದು. ಇದರಲ್ಲಿ ಹೊಸದೇನೂ ಇಲ್ಲ. 222 ಎಂದು ಬರೆದಾಗ ಮೂರು ಎರಡುಗಳೂ ಒಂದೇ ಗಾತ್ರದವು. ಆದರೂ ಒಂದು ಇನ್ನೂರು, ಒಂದು ಇಪ್ಪತ್ತು, ಒಂದು ಬರೀ ಎರಡು. ಬಿಡಿ, ಹತ್ತು, ನೂರು, ಸಾವಿರ ಎಂದು ಎರಡನೇ ತರಗತಿಯಲ್ಲೇ ಕಲಿತಿದ್ದೇವೆ. ಅಲ್ಲಿ ಜಾಗದ ಬೆಲೆ ಹತ್ತು ಹತ್ತು ಪಟ್ಟು ಏರುತ್ತದೆ, ಇಲ್ಲಿ ಎರಡೆರಡು ಪಟ್ಟು. ವ್ಯತ್ಯಾಸ ಇಷ್ಟೇ. ಅದಕ್ಕೇ 1101ನ್ನು ‘ಸಾವಿರದ ನೂರ ಒಂದು’ ಎಂದು ಓದಬಾರದು. ಸಾವಿರ, ನೂರು ಎಂಬವು ಹತ್ತರ ಮನೆಯ ಹೆಸರುಗಳು. ‘ಒಂದು ಒಂದು ಸೊನ್ನೆ ಒಂದು’ ಎಂದು ಬಿಡಿಬಿಡಿಯಾಗಿ ಓದಬೇಕು. ಅರ್ಧ ಗೊಂದಲ ಹುಟ್ಟುವುದೇ ಈ ಓದಿನಿಂದ. ಇದನ್ನು ಮೊದಲ ದಿನವೇ ಹೇಳಿಬಿಟ್ಟರೆ ಎಷ್ಟೋ ಮಕ್ಕಳ ತಲೆನೋವು ತಪ್ಪುತ್ತದೆ.

ನಾವು ಮಾತಾಡುತ್ತಿದ್ದಂತೆ ಸಲಗ ಮಲಗಿತು. ‘ಹನ್ನೆರಡು’ ಎಂದಳು ಹುಡುಗಿ, ನನಗಿಂತ ಮೊದಲೇ. ಸ್ವಲ್ಪ ಹೊತ್ತಿನಲ್ಲಿ ಎಡತುದಿಯ ಚಿಕ್ಕ ಹೆಣ್ಣಾನೆ ಧಡಕ್ಕನೆ ಎದ್ದು ಸೊಂಡಿಲಿನಿಂದ ನೀರು ಚಿಮ್ಮಿಸಿತು. ‘ಇಪ್ಪತ್ತೆಂಟು!’ ಪಕ್ಕದಲ್ಲಿದ್ದ ಪ್ರವಾಸಿಗಳು ಈ ಹುಡುಗಿ ಏನನ್ನು ಎಣಿಸುತ್ತಿದ್ದಾಳೆಂದು ತಿಳಿಯದೆ ತಿರುಗಿ ನೋಡಿದರು.

ಐದೂ ಮಲಗಿದರೆ 0, ಐದೂ ನಿಂತರೆ 31. ನಡುವಿನ ಪ್ರತಿ ಸಂಖ್ಯೆಗೂ ಒಂದು ಭಂಗಿಯುಂಟು, ಒಂದೇ ಒಂದು ಭಂಗಿ. ಒಟ್ಟು 32. ಇನ್ನೊಂದು ಆನೆ ಇಳಿದು ಬಂದರೆ 64 ಆಗುತ್ತದೆ. ಏಕೆಂದರೆ ಹಳೆಯ 32 ಭಂಗಿಗಳೂ ಹೊಸ ಆನೆ ಮಲಗಿದ್ದಾಗ ಒಮ್ಮೆ, ನಿಂತಿದ್ದಾಗ ಇನ್ನೊಮ್ಮೆ ಬರುತ್ತವೆ.

ಒಂದೊಂದಾಗಿ ಎಣಿಸುವುದು ಹೇಗೆ? ಇದಕ್ಕೆ ಆನೆಗಳು ನಮ್ಮ ಮಾತು ಕೇಳುವ ಹಾಗಿರಲಿಲ್ಲ. ಜೇಬಿನಲ್ಲಿದ್ದ ನಾಣ್ಯಗಳನ್ನು ಬಂಡೆಯ ಮೇಲೆ ಸಾಲಾಗಿ ಇಟ್ಟೆವು. ಸಿಂಹದ ಮುಖ ಮೇಲಿದ್ದರೆ 1, ಕೆಳಗಿದ್ದರೆ 0. ನಿಯಮ ಇಷ್ಟು: ಬಲತುದಿಯ ನಾಣ್ಯವನ್ನು ತಿರುವಿ ಹಾಕು. ಅದು 0 ಇದ್ದದ್ದು 1 ಆದರೆ ಕೆಲಸ ಮುಗಿಯಿತು. 1 ಇದ್ದದ್ದು 0 ಆದರೆ ಪಕ್ಕದ ನಾಣ್ಯವನ್ನೂ ತಿರುವಿ ಹಾಕು; ಅಲ್ಲೂ ಅದೇ ನಿಯಮ. 0, 1, 10, 11, 100, 101, 110, 111, 1000. ಎಂಟು ಬಂತು. ಒಂಬತ್ತಕ್ಕೆ ಒಂದು ಕೂಡಿಸಿದರೆ ಸೊನ್ನೆ ಬರೆದು ದಶಕ ಒಯ್ಯುತ್ತೇವಲ್ಲ, ಅದೇ ಇದು. ಇಲ್ಲಿ ಒಂಬತ್ತರವರೆಗೆ ಕಾಯಬೇಕಾಗಿಲ್ಲ, ಒಂದಕ್ಕೆ ಒಂದು ಸೇರಿದ ತಕ್ಷಣ ಒಯ್ಯಬೇಕು. ನೀವೂ ನಾಲ್ಕು ನಾಣ್ಯ ಇಟ್ಟುಕೊಂಡು ಹದಿನೈದರವರೆಗೆ ಒಮ್ಮೆ ತಿರುವಿ ನೋಡಿ. ಕಣ್ಣಿಗಿಂತ ಬೆರಳು ಬೇಗ ಕಲಿಯುತ್ತದೆ.

ನಾಣ್ಯದ ಮಾತು ಬಂದದ್ದರಿಂದ ಒಂದು ಹಳೆಯ ಕತೆ. ಇಷ್ಟು ಹೊತ್ತು ಸುಮ್ಮನಿದ್ದ ಹುಡುಗಿಯ ಅಜ್ಜಿ ಇಲ್ಲಿ ಬಾಯಿ ಹಾಕಿದರು. ‘ಇದು ನಮ್ಮ ಆಣೆ ಲೆಕ್ಕ ಅಲ್ಲವೇನೋ?’ ಎಂದರು. ನಿಜವಾಗಿಯೂ ಅದೇ! ದಶಮಾನ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆ. ಹೂವಿನಂಚಿನ ಒಂದಾಣೆ, ಚೌಕಾಕಾರದ ಎರಡಾಣೆ, ನಾಲ್ಕಾಣೆ ಅಂದರೆ ಪಾವಲಿ, ಎಂಟಾಣೆ. ಈ ನಾಲ್ಕು ನಾಣ್ಯಗಳು ತಲಾ ಒಂದೊಂದು ಕೈಯಲ್ಲಿದ್ದರೆ ಒಂದಾಣೆಯಿಂದ ಹದಿನೈದಾಣೆಯವರೆಗೆ ಯಾವ ಮೊತ್ತವನ್ನಾದರೂ ಚಿಲ್ಲರೆ ಕೇಳದೆ ಕೊಡಬಹುದು. ಹದಿಮೂರಾಣೆ ಕೊಡಬೇಕೇ? ಎಂಟಾಣೆ ಕೊಡು, ನಾಲ್ಕಾಣೆ ಕೊಡು, ಎರಡಾಣೆ ಇಟ್ಟುಕೋ, ಒಂದಾಣೆ ಕೊಡು. ಕೊಡು, ಕೊಡು, ಇಟ್ಟುಕೋ, ಕೊಡು: 1101. ಸಂತೆಗೆ ಹೋಗುತ್ತಿದ್ದ ನಮ್ಮ ಅಜ್ಜಿಯಂದಿರೆಲ್ಲ ಸೆರಗಿನ ಗಂಟಿನಲ್ಲಿ ದ್ವಿಮಾನ ಪದ್ಧತಿಯನ್ನು ಕಟ್ಟಿಕೊಂಡು ಓಡಾಡುತ್ತಿದ್ದರು ಎಂದಾಯಿತು. ಆಣೆ ಹೋಗಿ ಎಷ್ಟೋ ವರ್ಷವಾದರೂ ‘ಹದಿನಾರಾಣೆ ಸತ್ಯ’ ಎನ್ನುವುದನ್ನು ನಾವು ಬಿಟ್ಟಿಲ್ಲ. ಅದಕ್ಕೂ ಹಿಂದಿನ ಕನ್ನಡದ ಹಣದ ಲೆಕ್ಕದಲ್ಲಿ ಹಾಗ ಎಂದರೆ ಕಾಲು ಹಣ, ವೀಸ ಎಂದರೆ ಹದಿನಾರನೆಯ ಒಂದು ಪಾಲು. ಅರೆ, ಕಾಲು, ಅರೆಕಾಲು, ವೀಸ ಎಂದು ಅರ್ಧರ್ಧ ಮಾಡುತ್ತ ಇಳಿಯುವುದು ನಮ್ಮ ಭಾಷೆಗೆ ಅಭ್ಯಾಸವಾದ ದಾರಿ.

ಈಗ ‘ಭಾಗಿಸು, ಶೇಷ ಬರೆ, ಕೆಳಗಿನಿಂದ ಓದು’ ಎಂಬ ಮಂತ್ರಕ್ಕೆ ಬರೋಣ. ಅದು ಸುಳ್ಳಲ್ಲ. ಆದರೆ ಏಕೆ ಎಂದು ತಿಳಿಯದೆ ಮಾಡಿದರೆ ಅದು ಮಂತ್ರವೇ. ಹೊಳೆದಂಡೆಯಲ್ಲಿ ಕಲ್ಲಿಗೇನು ಬರ? ಹದಿಮೂರು ಹರಳು ಆರಿಸಿ ಅವಳ ಮುಂದೆ ಹಾಕಿದೆ. ಜೋಡಿ ಮಾಡು ಎಂದೆ. ಆರು ಜೋಡಿಯಾಯಿತು, ಒಂದು ಹರಳು ಒಂಟಿಯಾಗಿ ಉಳಿಯಿತು. ಅದೇ ಮೊದಲ ಶೇಷ. ಈಗ ಆ ಆರು ಜೋಡಿಗಳನ್ನೇ ಜೋಡಿ ಮಾಡು. ನಾಲ್ಕು ನಾಲ್ಕರ ಮೂರು ಗುಂಪಾದವು, ಯಾವ ಜೋಡಿಯೂ ಒಂಟಿಯಾಗಿ ಉಳಿಯಲಿಲ್ಲ. ಶೇಷ ಸೊನ್ನೆ. ಮೂರು ಗುಂಪುಗಳನ್ನು ಮತ್ತೆ ಜೋಡಿ ಮಾಡಿದರೆ ಎಂಟರ ಒಂದು ಗುಂಪು. ನಾಲ್ಕರ ಒಂದು ಗುಂಪು ಒಂಟಿ. ಶೇಷ ಒಂದು. ಎಂಟರ ಗುಂಪಿಗೆ ಜೋಡಿಯೇ ಇಲ್ಲ. ಶೇಷ ಒಂದು.

ಬಂಡೆಯ ಮೇಲೆ ಉಳಿದದ್ದನ್ನು ನೋಡಿ: ಎಂಟರದ್ದು ಒಂದು ಗುಂಪು, ನಾಲ್ಕರದ್ದು ಒಂದು, ಎರಡರದ್ದು ಇಲ್ಲ, ಒಂಟಿ ಹರಳು ಒಂದು. ಮೊದಲು ಸಿಕ್ಕ ಶೇಷ ಎಲ್ಲಕ್ಕಿಂತ ಚಿಕ್ಕದು, ಕೊನೆಗೆ ಸಿಕ್ಕದ್ದು ಎಲ್ಲಕ್ಕಿಂತ ದೊಡ್ಡದು. ದೊಡ್ಡದನ್ನು ಎಡಕ್ಕೆ ಬರೆಯುವುದು ನಮ್ಮ ರೂಢಿಯಾದ್ದರಿಂದ ಕೆಳಗಿನಿಂದ ಮೇಲಕ್ಕೆ ಓದಬೇಕು. ಅಷ್ಟೇ ಗುಟ್ಟು. ಹುಡುಗಿ ಹರಳುಗಳನ್ನು ಕೆಡಿಸಿ, ಇನ್ನೂ ಕೆಲವನ್ನು ಆರಿಸಿ ತಂದು ತಾನೇ ಇಪ್ಪತ್ತೊಂದನ್ನು ಮಾಡಿದಳು. 10101 ಬಂತು. ತಂದೆ ಈಗ ಮೊಬೈಲನ್ನು ಜೇಬಿಗಿಟ್ಟು ಹತ್ತಿರ ಬಂದು ಕುಳಿತರು.

ಅವರದ್ದೊಂದು ಪ್ರಶ್ನೆ: ‘ಹತ್ತು ಬೆರಳಿರುವ ನಮಗೆ ಹತ್ತರ ಲೆಕ್ಕ ಸರಿ. ಇಷ್ಟು ಬುದ್ಧಿಯ ಯಂತ್ರಕ್ಕೆ ಎರಡೇ ಅಂಕಿ ಏಕೆ?’

ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ವೋಲ್ಟೇಜ್ ಇಳಿದು ಬಲ್ಬು ಮಿಣಮಿಣ ಎನ್ನುವುದು ಯಾರಿಗೆ ಗೊತ್ತಿಲ್ಲ? ಎಷ್ಟು ಮಿಣಮಿಣ ಎಂದರೂ ಬಲ್ಬು ಉರಿಯುತ್ತಿದೆಯೋ ಆರಿದೆಯೋ ಎಂದು ಹೇಳಬಹುದು. ಬದಲಿಗೆ ಬೆಳಕಿನ ಹತ್ತು ಮಟ್ಟಗಳನ್ನು ಗೊತ್ತುಮಾಡಿ, ‘ಈಗ ಉರಿಯುತ್ತಿರುವುದು ಆರನೆಯ ಮಟ್ಟವೋ ಏಳನೆಯದೋ’ ಎಂದು ಕೇಳಿದರೆ? ವೋಲ್ಟೇಜ್ ಸ್ವಲ್ಪ ಅಲುಗಿದರೂ ಲೆಕ್ಕ ಕೆಟ್ಟಿತು. ಕಂಪ್ಯೂಟರಿನ ಒಳಗಿರುವುದೂ ವಿದ್ಯುತ್ತೇ. ಅಲ್ಲಿ ‘ಹೆಚ್ಚು’, ‘ಕಡಿಮೆ’ ಎಂಬ ಎರಡೇ ಮಟ್ಟಗಳಿದ್ದರೆ ನಡುವೆ ಬೇಕಾದಷ್ಟು ಅಂತರ ಬಿಡಬಹುದು, ಸಣ್ಣಪುಟ್ಟ ಏರುಪೇರಿನಿಂದ ತಪ್ಪಾಗುವುದಿಲ್ಲ. ಹಾಗೆಂದು ಯಂತ್ರಗಳೆಲ್ಲ ಹುಟ್ಟಿನಿಂದಲೇ ಎರಡರಲ್ಲಿ ಎಣಿಸಿದವಲ್ಲ. ಅಮೆರಿಕದಲ್ಲಿ 1945ರಲ್ಲಿ ಸಿದ್ಧವಾದ ಎನಿಯಾಕ್ ಎಂಬ ದೈತ್ಯ ಯಂತ್ರ ನಮ್ಮ ಹಾಗೆ ಹತ್ತರಲ್ಲೇ ಎಣಿಸುತ್ತಿತ್ತು. ಒಂದೊಂದು ಅಂಕಿಗೂ ಹತ್ತು ಘಟ್ಟಗಳ ಒಂದು ಉಂಗುರ. ಎರಡರ ಲೆಕ್ಕದಲ್ಲಾದರೆ ನಾಲ್ಕೇ ಘಟ್ಟ ಸಾಕಾಗುತ್ತಿತ್ತು. ನಾಲ್ಕು ಆನೆಗಳಿಂದ ಹದಿನೈದರವರೆಗೆ ಎಣಿಸಬಹುದು ಎಂದು ಆಗಲೇ ನೋಡಿದ್ದೇವೆ.

ಇಷ್ಟಾಗಿಯೂ ಹುಡುಗಿಯ ಮನಸ್ಸಿನ ಮುಳ್ಳು ಪೂರ್ತಿ ಹೋಗಿರಲಿಲ್ಲ. ಲೆಕ್ಕವೇನೋ ತಿಳಿಯಿತು, ಆದರೆ ‘ನಮ್ಮದಲ್ಲ’ ಎಂಬ ಭಾವನೆ ಉಳಿದಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಯಾವ ವಿಷಯ ಸುಲಭವಾಗಿತ್ತು ಎಂದು ಕೇಳಿದೆ. ಕನ್ನಡವಂತೆ. ಛಂದಸ್ಸಿನಲ್ಲಿ ಪ್ರಸ್ತಾರ ಹಾಕುವುದೆಂದರೆ ನೀರು ಕುಡಿದಷ್ಟು ಸುಲಭವಂತೆ. ‘ಯಮಾತಾರಾಜಭಾನಸಲಗಂ’ ಎಂದು ಒಂದೇ ಉಸಿರಿಗೆ ಹೇಳಿಯೂ ಬಿಟ್ಟಳು.

‘ಹಾಗಾದರೆ ನಿನಗೆ ದ್ವಿಮಾನ ಸಂಖ್ಯೆ ಆಗಲೇ ಬರುತ್ತದಲ್ಲ!’ ಎಂದೆ.

ಹೈಸ್ಕೂಲಿನಲ್ಲಿ ನಾನೂ ಆ ಸೂತ್ರವನ್ನು ಉರು ಹೊಡೆದವನೇ. ಮುಂದೆ ಎಷ್ಟೋ ವರ್ಷ ಗಣಿತ ಓದಿದರೂ ಎರಡೂ ಒಂದೇ ಎಂದು ಹೊಳೆದಿರಲಿಲ್ಲ. ಕನ್ನಡದ ಪೀರಿಯಡ್ಡು ಬೇರೆ, ಗಣಿತದ ಪೀರಿಯಡ್ಡು ಬೇರೆ; ನಡುವೆ ಗಂಟೆ ಬಾರಿಸುತ್ತದೆ, ಎರಡೂ ಸೇರದ ಹಾಗೆ!

ಛಂದಸ್ಸು ಮರೆತ ಪಾಲಕರಿಗಾಗಿ ಒಂದು ಮಾತು. ಪದ್ಯದ ಅಕ್ಷರಗಳು ಎರಡೇ ಬಗೆ: ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು. ಲಘುವಿಗೆ ∪ ಗುರುತು, ಗುರುವಿಗೆ — ಗುರುತು. ಗುರುವಿನ ಗುರುತು ಮಲಗಿದ ಆನೆಯ ಹಾಗೇ ಇದೆ, ನೋಡಿ. ಮೂರು ಮೂರು ಅಕ್ಷರಗಳ ಗುಂಪು ಒಂದು ಗಣ. ಇಂಥ ಗಣಗಳು ಎಂಟು. ಎಂಟೇ ಏಕೆ, ಒಂಬತ್ತೇಕಲ್ಲ? ಮೂರು ಜಾಗ, ಪ್ರತಿ ಜಾಗಕ್ಕೂ ಎರಡು ಆಯ್ಕೆ: ಎರಡು ಎರಡಲ ನಾಲ್ಕು, ನಾಲ್ಕು ಎರಡಲ ಎಂಟು. ಮೂರು ಆನೆಗಳ ಎಂಟು ಭಂಗಿಗಳೇ ಇವು. ಛಂದಸ್ಸಿನ ಪಂಡಿತರು ಇವನ್ನು ಬರೆಯುವ ಕ್ರಮ ಹೀಗಿದೆ:

1. ಮಗಣ — — —
2. ಯಗಣ ∪ — —
3. ರಗಣ — ∪ —
4. ಸಗಣ ∪ ∪ —
5. ತಗಣ — — ∪
6. ಜಗಣ ∪ — ∪
7. ಭಗಣ — ∪ ∪
8. ನಗಣ ∪ ∪ ∪

ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿ. ಮೊದಲ ಅಕ್ಷರ ಪ್ರತಿ ಸಾಲಿಗೂ ಬದಲಾಗುತ್ತದೆ, ಎರಡನೆಯದು ಎರಡೆರಡು ಸಾಲಿಗೆ, ಮೂರನೆಯದು ನಾಲ್ಕು ಸಾಲಿಗೊಮ್ಮೆ. ಬಂಡೆಯ ಮೇಲೆ ತಿರುವಿದ ನಾಣ್ಯಗಳೂ ಹೀಗೇ ಅಲ್ಲವೇ ಬದಲಾದದ್ದು? ಗುರುವನ್ನು 0, ಲಘುವನ್ನು 1 ಎಂದುಕೊಳ್ಳಿ. ನಾವು ಬಲದಿಂದ ಬೆಲೆ ಏರಿಸಿದೆವು, ಛಂದಸ್ಸಿನವರು ಎಡದಿಂದ ಏರಿಸುತ್ತಾರೆ. ನಾವು ಸೊನ್ನೆಯಿಂದ ಎಣಿಸಿದೆವು, ಅವರು ಒಂದರಿಂದ ಎಣಿಸುತ್ತಾರೆ. ಇವೆರಡನ್ನು ಬಿಟ್ಟರೆ ಕ್ರಮ ಒಂದೇ.

ಇನ್ನು ‘ಯಮಾತಾರಾಜಭಾನಸಲಗಂ’ ಇದರ ಚಮತ್ಕಾರವೇ ಬೇರೆ. ಹತ್ತೇ ಅಕ್ಷರ. ಯಾವ ಅಕ್ಷರದಿಂದ ಹೊರಟರೂ ಅದನ್ನೂ ಸೇರಿಸಿ ಮೂರು ಅಕ್ಷರ ತೆಗೆದುಕೊಂಡರೆ ಆ ಹೆಸರಿನ ಗಣ ಸಿಗುತ್ತದೆ. ಯಮಾತಾ ಯಗಣ, ಮಾತಾರಾ ಮಗಣ, ತಾರಾಜ ತಗಣ, ಹೀಗೆ ಕೊನೆಯ ಸಲಗಂ ಸಗಣದವರೆಗೆ. ಎಂಟು ಗಣಗಳೂ ಬಂದವು, ಒಂದೂ ಎರಡು ಸಲ ಬರಲಿಲ್ಲ. ಬೇರೆ ಬೇರೆಯಾಗಿ ಬರೆದಿದ್ದರೆ ಇಪ್ಪತ್ತನಾಲ್ಕು ಅಕ್ಷರ ಬೇಕಾಗುತ್ತಿತ್ತು. ಹೀಗೆ ಒಂದರೊಳಗೊಂದು ಹೆಣೆದ ಸೊನ್ನೆ–ಒಂದುಗಳ ಸರಗಳು ಇಂದಿನ ಗಣಿತದಲ್ಲೂ ಅಧ್ಯಯನದ ವಿಷಯ. ‘ಡಿ ಬ್ರೂಯಿನ್ ಸರಣಿ’ ಎಂಬ ಹೆಸರಿನಲ್ಲಿ ಕಾಲೇಜಿನ ಪುಸ್ತಕಗಳಲ್ಲಿ ಸಿಗುತ್ತವೆ.

ಲಘು–ಗುರುಗಳನ್ನು ಹೀಗೆ ಸಾಲಾಗಿ ಹರಡುವ ವಿಧಾನವನ್ನು ಸಂಸ್ಕೃತದಲ್ಲಿ ಮೊದಲು ಸೂತ್ರವಾಗಿ ಹೇಳಿದವನು ಪಿಂಗಳ, ಕ್ರಿಸ್ತಪೂರ್ವದಲ್ಲಿ. ಕನ್ನಡದಲ್ಲಿ ಇದನ್ನು ಹೇಳಿಕೊಟ್ಟವನು ‘ಛಂದೋಂಬುಧಿ’ ಬರೆದ ಒಂದನೆಯ ನಾಗವರ್ಮ, ಸುಮಾರು 990ರಲ್ಲಿ. ಹೆಂಡತಿಗೆ ಪಾಠ ಹೇಳುವ ಧಾಟಿಯಲ್ಲಿ ಬರೆದದ್ದು ಅವನ ವಿಶೇಷ. ಅಂದರೆ ಮನೆಪಾಠವೇ! ಆ ಗ್ರಂಥವನ್ನು ಸಂಪಾದಿಸಿ 1875ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಅಚ್ಚು ಹಾಕಿಸಿದವರು ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್. ಮಂಗಳೂರು, ಧಾರವಾಡಗಳಂತೆ ಮಡಿಕೇರಿಯಲ್ಲೂ ಕೆಲಸ ಮಾಡಿದವರು ಅವರು. ಹಾಗಾಗಿ ಕೊಡಗಿನ ಹುಡುಗಿಗೆ ಈ ಪುಸ್ತಕದ ಮೇಲೆ ಸ್ವಲ್ಪ ಹೆಚ್ಚಿನ ಹಕ್ಕು ಇದೆ ಎಂದು ನಾನು ತಮಾಷೆ ಮಾಡಿದೆ.

ಛಂದಸ್ಸಿನವರು ಎರಡು ಪ್ರಶ್ನೆ ಕೇಳಿಕೊಂಡಿದ್ದರು. ಇಷ್ಟನೆಯ ಸಾಲು ಎಂದು ಹೇಳಿದರೆ ಅದರ ರೂಪ ಯಾವುದು? ಇದಕ್ಕೆ ‘ನಷ್ಟ’ ಎಂದು ಹೆಸರು. ರೂಪ ಕೊಟ್ಟರೆ ಅದು ಎಷ್ಟನೆಯ ಸಾಲು? ಇದು ‘ಉದ್ದಿಷ್ಟ’. ಕಂಪ್ಯೂಟರ್ ತರಗತಿಯಲ್ಲಿ ‘ದಶಮಾನದಿಂದ ದ್ವಿಮಾನಕ್ಕೆ’, ‘ದ್ವಿಮಾನದಿಂದ ದಶಮಾನಕ್ಕೆ’ ಎಂದು ಕಲಿಸುವುದು ಇವನ್ನೇ.

ನಷ್ಟದ ದಾರಿ: ಸಂಖ್ಯೆ ಸಮವಾಗಿದ್ದರೆ ಅರ್ಧಮಾಡಿ ಲಘು ಬರೆ, ಬೆಸವಾಗಿದ್ದರೆ ಒಂದು ಕೂಡಿಸಿ ಅರ್ಧಮಾಡಿ ಗುರು ಬರೆ. ಆರನೆಯ ಗಣ ಯಾವುದು? 6 ಸಮ, ಅರ್ಧ 3, ಲಘು. 3 ಬೆಸ; ಒಂದು ಕೂಡಿಸಿ ಅರ್ಧಮಾಡಿದರೆ 2, ಗುರು. 2 ಸಮ, ಅರ್ಧ 1, ಲಘು. ∪ — ∪, ಜಗಣ. ಮೇಲಿನ ಪಟ್ಟಿಯಲ್ಲಿ ನೋಡಿಕೊಳ್ಳಿ. ಉದ್ದಿಷ್ಟ ಇನ್ನೂ ಸರಳ. ಅಕ್ಷರಗಳ ಮೇಲೆ ಎಡದಿಂದ 1, 2, 4 ಎಂದು ಇಮ್ಮಡಿಸುತ್ತ ಬರೆ, ಲಘುವಿನ ಮೇಲಿರುವವನ್ನು ಕೂಡಿಸು, ಒಂದು ಸೇರಿಸು. ಜಗಣಕ್ಕೆ 1 ಮತ್ತು 4, ಒಟ್ಟು 5, ಒಂದು ಸೇರಿ 6.

ಮೂರಕ್ಷರಕ್ಕೆ ಎಂಟು. ಇಪ್ಪತ್ತು ಅಕ್ಷರದ ಸಾಲಿಗೆ? ಎರಡನ್ನು ಇಪ್ಪತ್ತು ಸಲ ಗುಣಿಸಿದರೆ 10,48,576. ಅಷ್ಟು ಬಗೆಯ ಸಾಲುಗಳಲ್ಲಿ ಒಂದು ನಮ್ಮ ಉತ್ಪಲಮಾಲೆ: ಭ ರ ನ ಭ ಭ ರ, ಕೊನೆಗೊಂದು ಲಘು, ಒಂದು ಗುರು. ಅದು ಎಷ್ಟನೆಯದು? ದೋಣಿ ಕಾಯುವ ಹೊತ್ತಿನಲ್ಲಿ ಹುಡುಗಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕಕ್ಕಿಳಿದಳು. ಲಘುಗಳಿರುವುದು 2, 3, 5, 7, 8, 9, 11, 12, 14, 15, 17, 19ನೆಯ ಜಾಗಗಳಲ್ಲಿ. ಆ ಜಾಗಗಳ ಬೆಲೆ 2, 4, 16, 64, 128, 256, 1024, 2048, 8192, 16384, 65536, 262144. ಒಟ್ಟು 3,55,798. ಒಂದು ಸೇರಿಸಿದರೆ 3,55,799. ಹತ್ತೂವರೆ ಲಕ್ಷದಷ್ಟು ಸಾಲುಗಳನ್ನು ಬರೆಯದೆ, ಹನ್ನೆರಡು ಸಂಖ್ಯೆ ಕೂಡಿಸಿ ಉತ್ಪಲಮಾಲೆಯ ಮನೆಯ ನಂಬರು ಪತ್ತೆಯಾಯಿತು!

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಇದನ್ನು ಕೇಳಿದ ಕೂಡಲೇ ‘ಕಂಪ್ಯೂಟರನ್ನು ನಮ್ಮವರೇ ಕಂಡುಹಿಡಿದಿದ್ದರು’ ಎಂದು ಭಾಷಣ ಬಿಗಿಯುವವರುಂಟು. ಹಾಗಲ್ಲ. ಛಂದಸ್ಸಿನವರಿಗೆ ಬೇಕಾದದ್ದು ಪದ್ಯದ ರೂಪಗಳ ಪಟ್ಟಿ ಮತ್ತು ಅದರಲ್ಲಿ ಅವುಗಳ ಜಾಗ. ಸೊನ್ನೆ–ಒಂದುಗಳಲ್ಲೇ ಸಂಖ್ಯೆ ಬರೆದು ಕೂಡುವ, ಕಳೆಯುವ, ಗುಣಿಸುವ ಅಂಕಗಣಿತವನ್ನು ವಿವರವಾಗಿ ಬರೆದವನು ಜರ್ಮನಿಯ ಲೈಬ್‌ನಿಟ್ಸ್, 1703ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗಾಗಿ ಬರೆದ ಲೇಖನದಲ್ಲಿ. ಚೀನಾದ ಪ್ರಾಚೀನ ಗ್ರಂಥವೊಂದರ 64 ಗೆರೆಚಿತ್ರಗಳಲ್ಲಿ ತನ್ನದೇ ಲೆಕ್ಕವನ್ನು ಕಂಡು ಅವನೂ ಬೆರಗಾಗಿದ್ದ. ವಿದ್ಯುತ್ ಸ್ವಿಚ್ಚುಗಳ ಜಾಲದಿಂದ ಇಂಥ ಲೆಕ್ಕ ಮಾಡಿಸಬಹುದೆಂದು ಕ್ಲಾಡ್ ಶಾನನ್ ಎಂಬ ಅಮೆರಿಕದ ವಿದ್ಯಾರ್ಥಿ ತೋರಿಸಿದ್ದು 1937ರ ತನ್ನ ಪ್ರಬಂಧದಲ್ಲಿ. ಎರಡೇ ಗುರುತುಗಳಿಂದ ಎಲ್ಲವನ್ನೂ ಬರೆಯಬಹುದೆಂಬ ವಿಚಾರ ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಕೆಲಸಕ್ಕಾಗಿ ಜನರಿಗೆ ಹೊಳೆದಿದೆ. ಅದರಲ್ಲಿ ಒಂದು ಊರು ನಮ್ಮದೂ ಹೌದು.

ಇನ್ನು ಇಂಗ್ಲಿಷ್ ಮಕ್ಕಳ ವಿಷಯ ಎಂಬ ಮಾತು. ಕಂಪ್ಯೂಟರಿಗೆ ಕನ್ನಡವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಅದಕ್ಕೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಇಂಗ್ಲಿಷಿನ ಮೊದಲ ದೊಡ್ಡಕ್ಷರಕ್ಕೆ 65, ಅಂದರೆ 1000001. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221, ದ್ವಿಮಾನದಲ್ಲಿ 110010010101. ಹನ್ನೆರಡು ಆನೆಗಳು ಹೊಳೆಯಲ್ಲಿ ಸಾಲಾಗಿ ನಿಂತು ಮಲಗಿದರೆ ಒಂದು ‘ಕ’ ಬರೆಯಬಹುದು. ಇದನ್ನು ಹೇಳಿದಾಗ ಅವಳು ಮೊದಲ ಸಲ ಜೋರಾಗಿ ನಕ್ಕಳು. ‘ಕಾವೇರಿ ಅಂತ ಬರೆಯಬೇಕಾದರೆ ದಸರಾ ಆನೆಗಳೆಲ್ಲ ಸಾಲದು!’

ಪಾಲಕರಿಗೆ ಒಂದು ಕೋರಿಕೆ. ನಿಮಗೆ ಬಾರದ ವಿಷಯವನ್ನು ಮಕ್ಕಳು ಕೇಳಿದಾಗ ‘ನಮಗೆ ಗೊತ್ತಿಲ್ಲ, ಬಿಡು’ ಎನ್ನುವ ಬದಲು ‘ನೀನೇ ನನಗೆ ಹೇಳಿಕೊಡು’ ಎಂದು ನೋಡಿ. ಹೊರಡುವ ಹೊತ್ತಿಗೆ ನನ್ನ ಗೆಳೆಯರು ಮಗಳಿಂದ ಇಪ್ಪತ್ತಾರನ್ನು ಹರಳಿನಲ್ಲಿ ಮಾಡುವುದನ್ನು ಕಲಿಯುತ್ತಿದ್ದರು. ಎರಡು ಸಲ ತಪ್ಪಿದರು. ತಪ್ಪಿದಾಗಲೆಲ್ಲ ಮಗಳ ಮುಖ ಅರಳುತ್ತಿತ್ತು.

ದೋಣಿ ಬಂತು. ಆನೆಗಳನ್ನು ಆಗಲೇ ಮೇಲಕ್ಕೆ ಹೊರಡಿಸಿದ್ದರು. ಸಲಗ ಮಾತ್ರ ಇನ್ನೂ ಮಲಗಿತ್ತು. ಕಾವಾಡಿ ಗದರಿಸಿದ ಮೇಲೆ ಒಲ್ಲದ ಮನಸ್ಸಿನಿಂದ ಎದ್ದಿತು. ‘ಒಂದು’ ಎಂದಳು ಅವಳು.

ಬೀಳ್ಕೊಡುವಾಗ ಒಂದು ಮನೆಗೆಲಸ ಕೊಟ್ಟೆ. ಅದನ್ನೇ ನಿಮಗೂ ಕೊಡುತ್ತೇನೆ. ಉತ್ಪಲಮಾಲೆಯ ಮೊದಲ ಗುರುವಿನ ಬದಲು ಎರಡು ಲಘು ಇಟ್ಟರೆ ಇಪ್ಪತ್ತೊಂದು ಅಕ್ಷರದ ಚಂಪಕಮಾಲೆಯಾಗುತ್ತದೆ: ನ ಜ ಭ ಜ ಜ ಜ ರ. ಇಪ್ಪತ್ತೊಂದು ಅಕ್ಷರದ ಸಾಲುಗಳ ಪ್ರಸ್ತಾರದಲ್ಲಿ ಇದು ಎಷ್ಟನೆಯದು? ಉತ್ತರ ಸಿಕ್ಕವರು ಇನ್ನೂ ಒಂದನ್ನು ನೋಡಿ: ಆ ಸಂಖ್ಯೆಗೂ 3,55,799ಕ್ಕೂ ಏನಾದರೂ ನೆಂಟಸ್ತನ ಇದೆಯೇ? ಇದ್ದರೆ ಏಕೆ?

ಸೋಮವಾರ ರಾತ್ರಿ ಹುಡುಗಿಯ ಫೋನು ಬಂತು. ಅರ್ಜಿಯಲ್ಲಿ ಏನು ತುಂಬಿದಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೇಳಿದ್ದು ಚಂಪಕಮಾಲೆಯ ಸಂಖ್ಯೆಯನ್ನು. ಅದು ಒಂದು ಕಡಿಮೆಯಿತ್ತು. ನಾನು ಬಾಯಿ ತೆರೆಯುವ ಮೊದಲೇ ‘ಅಯ್ಯೋ, ಒಂದು ಸೇರಿಸಬೇಕಲ್ಲ!’ ಎಂದಳು.